ಟ್ರಂಕು ಬರುವ ಮುಂಚೆ

ಮೈಸೂರು
ಗುರುವಾರ, ಸಂಜೆ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಅಟ್ಟದ ಮೇಲಿರುವ ಅಜ್ಜನ ಟ್ರಂಕನ್ನು ಕಳಿಸಿಕೊಡಿ ಮಾವ ಎಂದು ಮೊಬೈಲಿನಲ್ಲಿ ಒಂದೇ ಸಾಲು ಬರೆದಿದ್ದೆ. ಆಗಲಿ ಎಂದು ನಾನೂ ಒಂದೇ ಮಾತಿನಲ್ಲಿ ಉತ್ತರಿಸಿ ಸುಮ್ಮನಿರಬಹುದಿತ್ತು. ಆದರೆ ಆ ಸಾಲಿನ ಬೆನ್ನಿಗೇ ನೀನು ಕಳಿಸಿದ್ದ ಮೂರು ಹೊಸ ಕೊಲಾಜುಗಳನ್ನು, ಅಂದರೆ ಕಾಗದದ ಚೂರು ಅಂಟಿಸಿ ಮಾಡಿದ ನಾಟಕದ ಪೋಸ್ಟರು, ಮಕ್ಕಳ ಪುಸ್ತಕ, ಕಥಾಸಂಕಲನದ ಮುಖಪುಟಗಳನ್ನು ನೋಡಿದ ಮೇಲೆ ಕಾಗದವನ್ನೇ ಬರೆಯಬೇಕೆನ್ನಿಸಿತು. ಟ್ರಂಕು ಬರುತ್ತದೆ. ಅದಕ್ಕೆ ಮುಂಚೆ ಇದು ಬರಲಿ.

ಮೊದಲು ಜಗಳ ಮುಗಿಸಿಬಿಡುತ್ತೇನೆ. ನಾಟಕದ ಪೋಸ್ಟರಿನಲ್ಲಿ ದೋಣಿಯ ಹಾಯಿಗೆ ನೀನು ಅಂಟಿಸಿರುವುದು ಇನ್‌ಲ್ಯಾಂಡ್ ಪತ್ರ. ಆ ತಿಳಿನೀಲಿಯನ್ನು ಕಂಡೊಡನೆ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಅಕ್ಷರ ನನ್ನ ಅಪ್ಪನದು. ನಾನು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಗ ಬರೆದದ್ದು, ನಿನ್ನ ಅಮ್ಮನ ಬೀರುವಿನಲ್ಲಿ ಉಳಿದುಬಿಟ್ಟಿತ್ತು. ‘ಅಕ್ಕಿ ಮೂಟೆಯನ್ನು ಬಸ್ಸಿಗೆ ಹಾಕಿಸಿದ್ದೇ’ ಎಂಬಲ್ಲಿಗೆ ಹಾಯಿ ಮುಗಿದಿದೆ. ಹಾಯಿ ಗಾಳಿಗೆ ಉಬ್ಬಿದ ಹಾಗೆ ಪತ್ರದ ಮಡಿಕೆಯನ್ನು ಕೂರಿಸಿದ್ದೀಯಲ್ಲ, ಅದು ನನಗೆ ಮೂವತ್ತು ವರ್ಷ ದುಡಿದರೂ ಹೊಳೆಯದಂಥ ಜಾಣ್ಮೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಉಳಿದ ಅರ್ಧ ಎಲ್ಲಿದೆ?

ಮೂಲ ಕಾಗದಕ್ಕೆ ಕತ್ತರಿ ಇಡಬೇಡ, ಪುಟ್ಟಿ. ಮೊದಲು ಸ್ಕ್ಯಾನ್ ಮಾಡು. ಮುನ್ನೂರರಲ್ಲಿ ಅಲ್ಲ, ಆರುನೂರು ಡಿಪಿಐನಲ್ಲಿ, ಅಂದರೆ ಇಂಚಿಗೆ ಆರುನೂರು ಚುಕ್ಕೆ. ಅಚ್ಚಿಗೆ ಮುನ್ನೂರು ಸಾಕು. ಆದರೆ ಆರುನೂರಿದ್ದರೆ ನಾಳೆ ಅದೇ ತುಂಡನ್ನು ಎರಡರಷ್ಟು ದೊಡ್ಡದು ಮಾಡಿದರೂ ಎಳೆ ಒಡೆಯುವುದಿಲ್ಲ. ಆಮೇಲೆ ಅದೇ ದಪ್ಪದ, ಅದೇ ಮಾಸಲಿನ ಕಾಗದ ಹುಡುಕಿ ಅದರ ಮೇಲೆ ಮುದ್ರಿಸಿಕೊಂಡು ಮನಸೋ ಇಚ್ಛೆ ಕತ್ತರಿಸು. ಅವೆನ್ಯೂ ರಸ್ತೆಯಲ್ಲಿ ತಾಳ್ಮೆಯಿಂದ ಅಲೆದರೆ ಎಂಥ ಕಾಗದವೂ ಸಿಗುತ್ತದೆ.

ಇದನ್ನೆಲ್ಲ ನಾನು ಕಲಿತದ್ದು ಕಳೆದುಕೊಂಡು. ವಾರಪತ್ರಿಕೆಯ ಕಲಾ ವಿಭಾಗಕ್ಕೆ ನಾನು ಸೇರಿದಾಗ ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಜೋಡಿಸಿದ ಅಕ್ಷರ ಬ್ರೋಮೈಡ್ ಎಂಬ ಫೋಟೊ ಕಾಗದದ ಉದ್ದುದ್ದ ಪಟ್ಟಿಯಾಗಿ ಬರುತ್ತಿತ್ತು. ಅದನ್ನು ಬ್ಲೇಡಿನಿಂದ ಕೊಯ್ದು, ಹಿಂಬದಿಗೆ ರಬ್ಬರ್ ಸಲ್ಯೂಷನ್ ಎಂಬ ಅಂಟು ಬಳಿದು, ಕ್ಯಾಮೆರಾದ ಕಣ್ಣಿಗೆ ಬೀಳದ ತಿಳಿನೀಲಿ ಪೆನ್ಸಿಲಿನ ಗೆರೆಗಳ ಮೇಲೆ ಕೂರಿಸುವುದು ಹಗಲಿನ ಕೆಲಸ. ಕಥೆಗೆ ಚಿತ್ರ ಬರೆಯುವುದು ಸಂಜೆಯದು. ತಲೆಬರಹದ ಒಂದು ಒತ್ತಕ್ಷರ ಕಳಚಿ ಬಿತ್ತೆಂದು ನಾಲ್ಕು ಜನ ಮೇಜಿನಡಿ ಮಂಡಿಯೂರಿ ಹುಡುಕಿದ್ದುಂಟು. ಆ ಲೆಕ್ಕದಲ್ಲಿ ನಾನೂ ಕೊಲಾಜ್ ಕಲಾವಿದನೇ. ಯಾರೂ ಹಾಗೆ ಕರೆಯಲಿಲ್ಲ, ಅಷ್ಟೆ.

ಕಚೇರಿ ಹೊಸ ಕಟ್ಟಡಕ್ಕೆ ಹೋದಾಗ ಮೂಲಚಿತ್ರಗಳ ಕಪಾಟು ರದ್ದಿಯವನ ಪಾಲಾಯಿತು. ಹನ್ನೆರಡು ವರ್ಷದ ಕೆಲಸ, ವಾರಕ್ಕೆ ಎರಡೆಂದರೂ ಸಾವಿರದ ಮೇಲೆ. ಅಂದು ನಾನು ರಜೆಯಲ್ಲಿದ್ದೆ, ನಿನ್ನ ಅಮ್ಮನ ಮದುವೆಗೆ. (ಅವಳಿಗೆ ಇದನ್ನು ಹೇಳಬೇಡ. ಈಗಲೂ ನೊಂದುಕೊಳ್ಳುತ್ತಾಳೆ.) ದೂರೋಣವೆಂದರೆ ಯಾರನ್ನು ದೂರುವುದು? ಒಂದು ದಿನವೂ ನಾನು ಆ ಚಿತ್ರಗಳನ್ನು ವಾಪಸು ಕೇಳಿರಲಿಲ್ಲ, ಹಿಂಬದಿಯಲ್ಲಿ ಹೆಸರು ಬರೆದಿರಲಿಲ್ಲ. ಈಗ ನನ್ನ ಹತ್ತಿರ ಹನ್ನೊಂದು ಮೂಲಚಿತ್ರಗಳಿವೆ. ಅವುಗಳ ಮೇಲೂ ರಬ್ಬರ್ ಸಲ್ಯೂಷನ್ ಕಂದಿ, ಕಷಾಯದ ಕಲೆಯಂತಾಗಿ, ತುಂಡುಗಳು ಒಂದೊಂದಾಗಿ ಉದುರುತ್ತಿವೆ. ಉಳಿಯಬೇಕಾದ ಕೆಲಸಕ್ಕೆ ನೀನು ಗೋಧಿ ಗಂಜಿಯ ಅಂಟನ್ನೇ ಬಳಸು. ನಾಳೆ ಬೇಕೆಂದರೆ ಸ್ವಲ್ಪ ತೇವ ಮಾಡಿ ಬಿಡಿಸಿಕೊಳ್ಳಬಹುದು. ಪತ್ರಿಕೆಯ ಕಾಗದ ಮಾತ್ರ ಏನು ಮಾಡಿದರೂ ಹಳದಿಯಾಗುತ್ತದೆ. ಮರದ ತಿರುಳಿನ ಲಿಗ್ನಿನ್ ಎಂಬ ಅಂಶ ಅದರಲ್ಲಿ ಹಾಗೇ ಉಳಿದಿರುತ್ತದೆ, ಬಿಸಿಲು ಕಂಡರೆ ತಾನೇ ಸುಟ್ಟುಕೊಳ್ಳುತ್ತದೆ.

ಹಿಂಬದಿಯಲ್ಲಿ ಬರೆಯುವ ಮಾತು ಬಂತಲ್ಲ. ಇಂಗ್ಲೆಂಡಿನಲ್ಲಿ ಮೇರಿ ಡೆಲಾನಿ ಎಂಬ ಹೆಂಗಸಿದ್ದಳು. 1772ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಕಪ್ಪು ಹಾಳೆಯ ಮೇಲೆ ಹೂವು ಅಂಟಿಸುವುದಕ್ಕೆ ಕೂತಳು. ಹತ್ತು ವರ್ಷದಲ್ಲಿ, ಕಣ್ಣು ಕೈಕೊಡುವ ಮುಂಚೆ, 985 ಗಿಡಗಳು. ಒಂದೊಂದು ಗಿಡಕ್ಕೂ ನೂರಾರು ಚೂರು. ಅವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಎಪ್ಪತ್ತೆರಡು ಎಂಬುದೇನೋ ನನ್ನಂಥವನಿಗೆ ಖುಷಿ ಕೊಡುವ ಸಂಖ್ಯೆ. ಆದರೆ ನಿನಗೆ ಹೇಳಬೇಕಾದ್ದು ಅದಲ್ಲ. ಗಿಡದ ಹೆಸರು, ಮಾಡಿದ ದಿನ, ಮಾಡಿದ ಊರು, ಗಿಡ ತಂದುಕೊಟ್ಟವರು ಯಾರು ಎಂಬುದನ್ನು ಅವಳು ಹಾಳೆಯ ಹಿಂದೆ ಬರೆದಿಡುತ್ತಿದ್ದಳು. ನೀನೂ ಬರೆ. ‘ಹಾಯಿ: ಅಜ್ಜನ ಪತ್ರ. ನೀರು: ಅಗರಬತ್ತಿ ಪೊಟ್ಟಣ, ಭಾನುವಾರದ ಸಂತೆಯಲ್ಲಿ ಕೊಂಡದ್ದು.’ ಅರ್ಧ ನಿಮಿಷದ ಕೆಲಸ. ಏಕೆಂದು ಮುಂದೆ ಹೇಳುತ್ತೇನೆ.

ಈಗ ಬಾವಿಯ ಪುಸ್ತಕ. ಮಕ್ಕಳಿಗೆಂದು ಮಾಡಿದ್ದೀಯ, ಯಾರು ಬೇಕಾದರೂ ಹಂಚಿಕೊಳ್ಳಬಹುದಾದ ಮುಕ್ತ ಪರವಾನಗಿಯಲ್ಲಿ ಬರುತ್ತದೆ ಎಂದೆ. ಒಳ್ಳೆಯದು. ಸೀರೆಯ ಅಂಚಿನಿಂದ ಮಾಡಿದ ಬಾವಿಕಟ್ಟೆಯನ್ನು ನೋಡುತ್ತ ಕೂತೆ. ಕೊಡದ ನೆರಳಿಗೆ ಇಂಗಾಲದ ಹಾಳೆ, ಅಂದರೆ ಹಳೆ ಕಾರ್ಬನ್ ಪೇಪರ್, ಬಳಸಿದ್ದಂತೂ ಸೊಗಸು. ಆದರೆ ನಾಲ್ಕನೆಯ ಜೋಡಿಪುಟದಲ್ಲಿ ಹುಡುಗಿಯ ಮುಖ ಸರಿಯಾಗಿ ಎರಡು ಪುಟದ ನಡುವೆ ಬಿದ್ದಿದೆ. ಹೊಲಿಗೆ ಹಾಕಿದ ಮೇಲೆ ಅವಳ ಮೂಗು ಮಡಿಕೆಯೊಳಗೆ ಹೋಗುತ್ತದೆ. ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸು. ಪರದೆಯ ಮೇಲೆ ಉರಿಯುತ್ತಿರುವ ಆ ಕಿತ್ತಳೆ ಸೂರ್ಯ ನಾಲ್ಕು ಬಣ್ಣದ ಆಫ್‌ಸೆಟ್ ಅಚ್ಚಿನಲ್ಲಿ ಇಟ್ಟಿಗೆ ಪುಡಿಯಾಗಿ ಬರುತ್ತಾನೆ. ಮೊದಲು ಪ್ರೂಫ್ ಕೇಳಿ ನೋಡು.

ಇನ್ನು ಆಕಾಶ. ಪತ್ರಿಕೆಯ ತುಂಡುಗಳಿಗೆ ನೀಲಿ ಬಳಿದು ಆಕಾಶ ಮಾಡಿದ್ದೀಯ. ನಿನ್ನ ಕಣ್ಣಿಗೆ ಅದು ಬರಿಯ ವಿನ್ಯಾಸ, ಬೂದುಬಣ್ಣದ ಸಾಲುಗಳು. ಕನ್ನಡ ಓದಬಲ್ಲವನಿಗೆ ಹಾಗಲ್ಲ. ಅಚ್ಚಾದದ್ದು ಏನು ಕಂಡರೂ ನಮ್ಮ ಜನ ಓದಿಬಿಡುತ್ತಾರೆ, ಬಜ್ಜಿ ಕಟ್ಟಿಕೊಟ್ಟ ಕಾಗದವನ್ನೂ ಬಿಡುವುದಿಲ್ಲ. ಹಾಗೆ ನಾನೂ ಓದಿದೆ: ಹುಡುಗಿಯ ತಲೆಯ ಮೇಲೆ, ಮೋಡದ ಪಕ್ಕದಲ್ಲಿ, ‘ವೈಕುಂಠ ಸಮಾರಾಧನೆಯನ್ನು ಏರ್ಪಡಿಸಲಾಗಿದೆ.’ ಆರು ವರ್ಷದ ಮಗುವಿಗೆ ಓದಿ ಹೇಳುವ ಅಜ್ಜಿಯ ಗತಿ ಯೋಚಿಸು. ಅಕ್ಷರ ಬರಿಯ ಗೆರೆಯಾಗಿ ಬೇಕಿದ್ದರೆ ತಲೆಕೆಳಗು ಮಾಡು, ಇಲ್ಲವೆ ಓದಲಾಗದಷ್ಟು ಸಣ್ಣಗೆ ಹರಿ. ಕಥಾಸಂಕಲನದ ಮುಖಪುಟದಲ್ಲಿ ಇದಕ್ಕೆ ಉಲ್ಟಾ ತಪ್ಪಾಗಿದೆ. ಶೀರ್ಷಿಕೆಯ ಅಕ್ಷರಗಳನ್ನು ಹಳೆ ಪೋಸ್ಟರುಗಳಿಂದ ನೇರ ಗೆರೆಯಲ್ಲಿ ಕತ್ತರಿಸಿ ತೆಗೆದಿದ್ದೀಯ, ಒತ್ತುಗಳೆಲ್ಲ ಅರ್ಧಕ್ಕೆ ಹೋಗಿವೆ. ರೋಮನ್ ಅಕ್ಷರದಲ್ಲಿ ನಡೆಯುವ ಕತ್ತರಿ ಕನ್ನಡದಲ್ಲಿ ನಡೆಯುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ. ಒಂದೊಂದಕ್ಕೂ ಅದರ ಸುತ್ತಳತೆಯನ್ನು ನೋಡಿಯೇ ಕತ್ತರಿ ತಿರುಗಿಸಬೇಕು.

ನೌಕರಿ ಬಿಟ್ಟೆಯೆಂದು ನಿನ್ನ ಅಪ್ಪ ಮುಖ ಸಪ್ಪಗೆ ಮಾಡಿಕೊಂಡಿದ್ದಾರೆ. ನಾನು ಅವರ ಪಕ್ಷವೂ ಅಲ್ಲ, ಪೂರ್ತಿ ನಿನ್ನ ಪಕ್ಷವೂ ಅಲ್ಲ. ಬರ್ಲಿನ್ನಿನಲ್ಲಿ ಹಾನಾ ಹೋಕ್ ಎಂಬಾಕೆ 1916ರಿಂದ ಹತ್ತು ವರ್ಷ ಉಲ್‌ಸ್ಟೈನ್ ಎಂಬ ದೊಡ್ಡ ಪ್ರಕಾಶನದಲ್ಲಿ ವಾರಕ್ಕೆ ಮೂರು ದಿನ ದುಡಿದಳು. ಕೆಲಸ ಏನೆಂದರೆ ಹೆಂಗಸರ ಪತ್ರಿಕೆಗಳಿಗೆ ಕಸೂತಿ, ಲೇಸುಗಳ ನಮೂನೆ ಬರೆಯುವುದು. ಆ ನಮೂನೆಗಳೂ, ಪತ್ರಿಕೆಗಳ ಫೋಟೊಗಳೂ ಅವಳ ಸ್ವಂತ ಕೊಲಾಜುಗಳೊಳಗೆ ಬಂದು ಕೂತವು. ಬಾಡಿಗೆಯನ್ನೂ ಕತ್ತರಿಸುವ ಸಾಮಾನನ್ನೂ ಒಂದೇ ಕಡೆಯಿಂದ ಪಡೆದಳು. ನೀನೂ ವಾರಕ್ಕೆ ಎರಡು ದಿನದ ಒಂದು ಸಾದಾ ಕೆಲಸ ಹಿಡಿ. ಪುಟವಿನ್ಯಾಸವೋ, ಶಾಲೆಯಲ್ಲಿ ಪಾಠವೋ, ಏನಾದರೂ. ಬಾಡಿಗೆಯ ದಿನ ಹತ್ತಿರ ಬಂದಾಗ ಒಪ್ಪಿಕೊಳ್ಳುವ ಕೆಲಸಗಳೇ ಕೈಯನ್ನು ಕೆಡಿಸುವುದು. ನಾನು ಒಂದು ದೀಪಾವಳಿಗೆ ಪಟಾಕಿ ಜಾಹೀರಾತಿಗೆ ಬರೆದ ಲಕ್ಷ್ಮಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ದುಡ್ಡಿನ ಮಾತನ್ನು ಆಡಿಯೇಬಿಡುತ್ತೇನೆ. ನಾನು ಸಂಬಳದವನು; ನೌಕರಿಯಲ್ಲಿದ್ದು ಪತ್ರಿಕೆಗೆಂದು ಬರೆದ ಚಿತ್ರವನ್ನು ಪ್ರಕಟಿಸುವ ಹಕ್ಕು ಮಾಲೀಕರದ್ದೇ. ನಿನ್ನ ಸ್ಥಿತಿ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ದುಡ್ಡು ಕೊಟ್ಟು ಬರೆಯಿಸಿದ ವರ್ಣಚಿತ್ರದ ಹಕ್ಕು ಬೇರೆ ಕರಾರಿಲ್ಲದಿದ್ದರೆ ಬರೆಯಿಸಿದವರದಾಗುತ್ತದೆ; ಅದಕ್ಕೇ ಮುಖಪುಟದ ಹಕ್ಕು ನಿನ್ನದೆಂದು ಮೊದಲೇ ಬರೆಸಿಕೊ. ಆಮೇಲೆ ನೀನಾಗಿ ಬರವಣಿಗೆಯಲ್ಲಿ ಸಹಿ ಹಾಕಿ ಬಿಟ್ಟುಕೊಡುವವರೆಗೆ ಅದು ನಿನ್ನದು. ಬಿಟ್ಟುಕೊಟ್ಟ ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಅದಕ್ಕೇ ಕೆಲವರು ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಮೊದಲೇ ಅಚ್ಚು ಹಾಕಿಸಿಟ್ಟಿರುತ್ತಾರೆ. ಆ ಸಾಲನ್ನು ಹುಡುಕಿ ಓದು. ಓದಿದ್ದೇನೆಂದು ಅವರಿಗೂ ತಿಳಿಸು. ಜೊತೆಗೆ ಉದ್ಯಮ್ ನೋಂದಣಿ ಮಾಡಿಸಿಕೊ, ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ದಿಮೆಯೆಂದು ನೋಂದಾಯಿಸಿಕೊಂಡವರಿಗೆ ಕೊಳ್ಳುವವರು ಮಾತಾದ ಗಡುವಿನೊಳಗೆ, ಅದೂ 45 ದಿನ ಮೀರದಂತೆ, ಹಣ ಕೊಡಬೇಕೆಂದು 2006ರ ಕಾನೂನು ಇದೆ. ಮೀರಿದರೆ ಬಡ್ಡಿ ಕಟ್ಟಬೇಕು. ಬಡ್ಡಿ ಕೇಳುವ ಧೈರ್ಯ ನಿನಗೂ ಇರುವುದಿಲ್ಲ, ನನಗೂ ಇರಲಿಲ್ಲ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಇರಲಿ, ನಾಲ್ಕರಲ್ಲಿ ಒಬ್ಬರಾದರೂ ಬೇಗ ಕೊಟ್ಟಾರು.

ಈಗ ಹಿಂಬದಿಯ ಬರಹ ಏಕೆಂದು ಹೇಳುತ್ತೇನೆ. ಟ್ರಂಕಿನಲ್ಲಿ ನಿನಗೆ ಸಿಗುವುದು: ಅಜ್ಜನ ಅಂಗಡಿಯ ಲೆಕ್ಕದ ಪುಸ್ತಕ, ಲಗ್ನಪತ್ರಿಕೆಗಳ ಒಂದು ಕಟ್ಟು, ಬೆಂಕಿಪೊಟ್ಟಣದ ಲೇಬಲ್ಲುಗಳು, ಪಂಚಾಂಗಗಳು, ತಳದಲ್ಲಿ ಸುರುಳಿ ಸುತ್ತಿದ ದೇವರ ಕ್ಯಾಲೆಂಡರುಗಳು. ಲೆಕ್ಕದ ಪುಸ್ತಕ ನಮ್ಮದೇ, ಏನು ಬೇಕಾದರೂ ಮಾಡು. ಕ್ಯಾಲೆಂಡರುಗಳಲ್ಲಿ ಮಾತ್ರ ಎಚ್ಚರ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವನ ಲಕ್ಷ್ಮಿ, ಸರಸ್ವತಿಯರು ಈಗ ಎಲ್ಲರ ಸೊತ್ತು. ಆದರೆ ಇಂಥ ದೇವರ ಕ್ಯಾಲೆಂಡರುಗಳಿಗೆ ಚಿತ್ರ ಬರೆದ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ತೀರಿಕೊಂಡದ್ದು 1993ರಲ್ಲಿ. ಕಲಾವಿದನ ಮರಣಾನಂತರ ಅರವತ್ತು ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2053ರ ಕೊನೆಯವರೆಗೆ. ಅವರ ಶಿವನ ಜಟೆಯ ಒಂದು ಚೂರನ್ನು ಕತ್ತರಿಸಿ ಮನೆಯ ಗೋಡೆಗೆ ಅಂಟಿಸಿಕೊಂಡರೆ ಯಾರೂ ಕೇಳುವುದಿಲ್ಲ. ನಿನ್ನ ಬಾವಿಯ ಪುಸ್ತಕದಂಥದ್ದರಲ್ಲಿ ಅಂಟಿಸಿದರೆ ಕಥೆ ಬೇರೆ. ಮುಕ್ತ ಪರವಾನಗಿಗಳಲ್ಲಿ ತೀರಾ ಸಡಿಲವಾದದ್ದಕ್ಕೆ ಒಪ್ಪಿದರೆ ನಿನ್ನ ಹೆಸರು ಹೇಳಿ ಯಾರು ಬೇಕಾದರೂ ಆ ಚಿತ್ರವನ್ನು ಬದಲಿಸಬಹುದು, ಮಾರಲೂಬಹುದು. ನಿನ್ನದನ್ನು ನೀನು ಹಂಚುವುದು ದೊಡ್ಡತನ. ನಡುವೆ ಇನ್ನೊಬ್ಬರದೊಂದು ಚೂರು ಸೇರಿಕೊಂಡಿದ್ದರೆ ಅದು ಪಕ್ಕದ ಮನೆಯ ತೆಂಗಿನಕಾಯಿ ಕಿತ್ತು ಊರಿಗೆಲ್ಲ ಪಾನಕ ಪನಿವಾರ ಮಾಡಿಸಿದ ಹಾಗೆ. ಐದು ವರ್ಷ ಬಿಟ್ಟು ಯಾರಾದರೂ ಕೇಳಿದಾಗ ಯಾವ ಚೂರು ಎಲ್ಲಿಯದೆಂದು ನಿನಗೇ ನೆನಪಿರುವುದಿಲ್ಲ.

ಹಾಂ, ಕುತ್ತಿಗೆ. ನೀನು ನೆಲದ ಮೇಲೆ ಕೂತು ಬಗ್ಗಿ ಕತ್ತರಿಸುತ್ತೀಯೆಂದು ಅಮ್ಮ ಹೇಳಿದಳು. ಒಂದು ಓರೆ ಮೇಜು ಮಾಡಿಸಿಕೊ. ಬಡಗಿಯ ಹಣ ನಾನು ಕೊಡುತ್ತೇನೆ, ಬೇಡವೆನ್ನಬಾರದು. ಅಂಟಿಸುವ ಮುಂಚೆ ತುಂಡುಗಳ ಮೇಲೆ ಪುಟ್ಟ ಭಾರ ಇಟ್ಟು ಒಂದು ರಾತ್ರಿ ಬಿಡುವುದು ನನ್ನ ಅಭ್ಯಾಸವಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಯಾವುದಾದರೂ ಒಂದು ತುಂಡು ತಾನು ಅಲ್ಲಿಯದಲ್ಲವೆಂದು ತಾನೇ ಹೇಳುತ್ತದೆ. ಅದಕ್ಕೆಂದು ಅಜ್ಜನ ಅಂಗಡಿಯ ತಕ್ಕಡಿಯ ಹಿತ್ತಾಳೆ ತೂಕದ ಬಟ್ಟುಗಳನ್ನೂ ಟ್ರಂಕಿನೊಳಗೆ ಇಟ್ಟಿದ್ದೇನೆ, ಹಳೆ ಪಂಚೆಯಲ್ಲಿ ಸುತ್ತಿ.

ಶನಿವಾರ ಬೆಳಗಿನ ಬಸ್ಸಿಗೆ ಪಾರ್ಸೆಲ್ ಹಾಕಿಸುತ್ತೇನೆ. ಬೀಗದ ಕೈ ನಿನ್ನ ಅಮ್ಮನ ಹತ್ತಿರ ಇರುತ್ತದೆ. ಸ್ಕ್ಯಾನರ್ ಕೊಂಡ ರಸೀದಿ ತೋರಿಸಿ ಇಸಿದುಕೊ. ನಿಲ್ದಾಣಕ್ಕೆ ಒಬ್ಬಳೇ ಹೋಗಬೇಡ, ಇಬ್ಬರು ಎತ್ತುವಷ್ಟು ಭಾರವಿದೆ. ಆ ಪತ್ರದ ಇನ್ನರ್ಧಕ್ಕಾಗಿ ನಿನ್ನ ಮೇಜಿನ ಕೆಳಗೆ ಒಮ್ಮೆ ಮಂಡಿಯೂರಿ ಹುಡುಕು. ಅಕ್ಕಿ ಮೂಟೆಯನ್ನು ಯಾವ ಬಸ್ಸಿಗೆ ಹಾಕಿಸಿದ್ದರೆಂದು ಅಪ್ಪ ಬರೆದಿರುವುದು ಅದರಲ್ಲಿದೆ.

ಇಂತಿ ನಿನ್ನ ಪ್ರೀತಿಯ
ಮಾವ