ಕೋಳಿಗಿಂತ ಮೊದಲು ಕೋಳಿಮನೆ

ಲೀಡ್ಸ್, ಇಂಗ್ಲೆಂಡ್
ಜನವರಿ 18

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಮಾಡುವ ನಮಸ್ಕಾರಗಳು. ನಾನು, ನಿನ್ನ ಅಳಿಯ, ಮಗು ಎಲ್ಲರೂ ಇಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಈಗ ಹೇಗಿದೆ? ಸಂಕ್ರಾಂತಿ ದಿನ ದನಗಳಿಗೆ ಕಿಚ್ಚು ಹಾಯಿಸಿದ ವಿಡಿಯೋ ನೋಡಿ ಮಗು ಕುಣಿದಾಡಿತು.

ಫೋನಿನಲ್ಲಿ ಹೇಳಿದರೆ ಕೋಳಿಮನೆಯ ಅಳತೆಗಳೆಲ್ಲ ಮರೆತುಹೋಗುತ್ತವೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಗಾರೆ ಕೆಲಸದವರು ಬಂದಾಗ ತಮ್ಮನ ಕೈಲಿ ಇದನ್ನೇ ಓದಿಸು. ನೀನು ಮತ್ತೆ ಕೋಳಿ ಸಾಕುತ್ತೀನಿ ಅಂದಿದ್ದು ನನಗೆ ತುಂಬ ಸಂತೋಷ ಕೊಟ್ಟಿದೆ. ಆರು ಹ್ಯಾಟೆ, ಒಂದು ಹುಂಜ. ಶುರುವಿಗೆ ಅಷ್ಟು ಸಾಕು. ಆದರೆ ಕೋಳಿ ಬರುವ ಮೊದಲು ಅದರ ಮನೆ ಎದ್ದಿರಬೇಕು. "ಮೊದಲು ತಂದು ಮಂಕರಿ ಕೆಳಗೆ ಕವುಚೋಣ, ಗೂಡು ಆಮೇಲೆ ನೋಡೋಣ" ಅಂತ ಅಪ್ಪ ಹೇಳಿದರೆ ದಯವಿಟ್ಟು ಒಪ್ಪಬೇಡ. ನಾನು ಹೈಸ್ಕೂಲಿನಲ್ಲಿದ್ದಾಗ ರಾತ್ರಿ ನಾಯಿಗಳು ಮಂಕರಿ ಉರುಳಿಸಿ ಎಲ್ಲ ಕೋಳಿಗಳನ್ನೂ ಮುಗಿಸಿಬಿಟ್ಟವಲ್ಲ, ಅವತ್ತಿನಿಂದ ನೀನು ಕೋಳಿ ಸಾಕುವುದನ್ನೇ ಬಿಟ್ಟೆ. ಅಂಥ ಬೆಳಗು ಇನ್ನೊಂದು ಸಲ ನೀನು ನೋಡಬಾರದು.

ತಮ್ಮ ಕಳಿಸಿದ ಫೋಟೋ ನೋಡಿದೆ. ಆನ್‌ಲೈನಿನಲ್ಲಿ ಸಿಗುವ ಮರದ ಪೆಟ್ಟಿಗೆಯಂಥ ಗೂಡು. ನೋಡೋಕೆ ಚೆನ್ನಾಗಿದೆ, ನಿಜ. ಆದರೆ ಅದು ನಮ್ಮೂರಿಗೆ ಬೇಡ. ಇಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಅಂಥದ್ದರಲ್ಲೇ ಕೋಳಿ ಸಾಕಿದ್ದಾರೆ. ಅವರು ಮಗಳ ಮನೆಗೆ ಹೋದಾಗ ನಾನೇ ನೋಡಿಕೊಳ್ಳುತ್ತೇನೆ. ಈ ದೇಶದ ಪದ್ಧತಿ ಕೇಳಿದರೆ ನಿನಗೆ ಆಶ್ಚರ್ಯವಾಗುತ್ತದೆ. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಹಕ್ಕಿಜ್ವರದ ಭಯ ಅವರಿಗೆ. ಅಡುಗೆಮನೆಯಲ್ಲಿ ಉಳಿದಿದ್ದನ್ನು ಕೋಳಿಗೆ ಹಾಕುವುದೂ ಕಾನೂನಿಗೆ ವಿರುದ್ಧ. ನೀನಾದರೆ ಮುದ್ದೆ ಮಿಕ್ಕರೆ ಮೊದಲು ಕೋಳಿ ಕಡೆಗೇ ನೋಡುತ್ತೀಯ, ಅಲ್ವಾ?

ಆ ಅಜ್ಜಿಯಿಂದ ನಾನು ಕಲಿತ ಮುಖ್ಯವಾದ ಮಾತು ಒಂದಿದೆ. ಹೊರಗೆ ಹಿಮ ಬೀಳುತ್ತಿದ್ದರೂ ಅವರು ಗೂಡಿನ ಮೇಲ್ಭಾಗದ ಗಾಳಿಕಿಂಡಿ ಮುಚ್ಚುವುದಿಲ್ಲ. ಕೋಳಿಗೆ ಮೈತುಂಬ ಪುಕ್ಕ ಇದೆ, ಚಳಿಯನ್ನು ತಡೆದುಕೊಳ್ಳುತ್ತದೆ. ತೇವವನ್ನು ತಡೆಯುವುದಿಲ್ಲ. ರಾತ್ರಿಯಿಡೀ ಅವುಗಳ ಉಸಿರು, ಹಿಕ್ಕೆ ಎರಡರಿಂದಲೂ ಒಳಗೆ ತೇವ ಸೇರುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಕಣ್ಣು, ಗಂಟಲು ಕೆಡುತ್ತವೆ. ಬೆಳಿಗ್ಗೆ ಬಾಗಿಲು ತೆಗೆದಾಗ ನಿನ್ನ ಮೂಗಿಗೆ ಘಾಟು ಬಡಿದರೆ ಒಳಗೆ ಗಾಳಿ ಸಾಲದು ಅಂತಲೇ ತಿಳಿ. ಚಳಿ ದೇಶದಲ್ಲೇ ಹೀಗೆ ಅಂದಮೇಲೆ ನಮ್ಮ ಮಂಡ್ಯದ ಕಡೆ ಗಾಳಿ ಇನ್ನೆಷ್ಟು ಬೇಕು ಯೋಚನೆ ಮಾಡು. ಕೋಳಿಗೆ ಬೆವರುವುದು ಗೊತ್ತಿಲ್ಲ. ಸೆಕೆಯಾದರೆ ಕೊಕ್ಕು ತೆರೆದು ಏದುಸಿರು ಬಿಡುವುದೇ ಅದಕ್ಕಿರುವ ಮುಖ್ಯ ದಾರಿ. ಏಪ್ರಿಲ್ ಬಿಸಿಲಲ್ಲಿ ಆ ಮರದ ಪೆಟ್ಟಿಗೆಯಲ್ಲಿ ಕೂಡಿದರೆ ಒಲೆಯೊಳಗೆ ಇಟ್ಟ ಹಾಗೆ.

ಅದಕ್ಕೇ ನಮಗೆ ಬೇಕಾದದ್ದು ಜಾಲರಿ ಗೋಡೆಯ ಮನೆ. ಹಿತ್ತಲಲ್ಲಿ ಹೊಂಗೆಮರದ ಪಕ್ಕ ಕಟ್ಟಿಸು. ಕೊಟ್ಟಿಗೆಗೆ ಅಂಟಿಸುವುದು ಬೇಡ. ಅಲ್ಲಿ ಗಂಜಲದ ತೇವ ಸದಾ ಇರುತ್ತದೆ, ಹಿಂಡಿ ಬೂಸಾಗೆ ಇಲಿಯೂ ಬರುತ್ತದೆ. ಏಳು ಕೋಳಿಗೆ ಆರು ಅಡಿ ಉದ್ದ, ಐದು ಅಡಿ ಅಗಲ ಸಾಕು. ತಲೆಗೆ ನಾಲ್ಕು ಚದರ ಅಡಿಗಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ಹಗಲೆಲ್ಲ ಹೊರಗೆ ಮೇಯುವ ಕೋಳಿಗೆ ಇದು ಧಾರಾಳ. ಮನೆಯ ಉದ್ದ ಪೂರ್ವದಿಂದ ಪಶ್ಚಿಮಕ್ಕೆ ಬರಲಿ. ಆಗ ಬೆಳಗಿನ, ಸಂಜೆಯ ಬಿಸಿಲು ನೇರವಾಗಿ ಒಳಗೆ ನುಗ್ಗುವುದಿಲ್ಲ. ಪೂರ್ವ, ಪಶ್ಚಿಮದ ಗೋಡೆಗಳನ್ನು ಪೂರ್ತಿ ಇಟ್ಟಿಗೆಯಲ್ಲಿ ಏರಿಸಿ. ಉತ್ತರ, ದಕ್ಷಿಣಕ್ಕೆ ಒಂದೂವರೆ ಅಡಿ ಇಟ್ಟಿಗೆ, ಮೇಲೆಲ್ಲ ಜಾಲರಿ. ಎತ್ತರದಲ್ಲಿ ಮಾತ್ರ ಕಂಜೂಸು ಮಾಡಬೇಡಿ. ಮುಂದೆ ಏಳು ಅಡಿ, ಹಿಂದೆ ಆರು ಅಡಿ ಇರಲಿ. ದಿನಾ ಗುಡಿಸುವವಳು ನೀನು. ಬೆನ್ನು ಬಗ್ಗಿಸಿ ಒಳಗೆ ತೂರುವಂಥ ಗೂಡು ಕಟ್ಟಿದರೆ ನಾಲ್ಕು ದಿನಕ್ಕೇ ಬೇಜಾರು ಬರುತ್ತದೆ.

ನೆಲ ಹಿತ್ತಲ ಮಟ್ಟಕ್ಕಿಂತ ಒಂದಡಿ ಮೇಲಿರಬೇಕು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ನಮ್ಮ ಹಿತ್ತಲು ಎಷ್ಟು ಜೌಗಾಗುತ್ತದೆ ಅಂತ ನಿನಗೆ ಗೊತ್ತೇ ಇದೆ. ಸೈಜುಗಲ್ಲಿನ ತಳಪಾಯ ಹಾಕಿ, ಮಣ್ಣು ದಮ್ಮಸ್ಸು ಮಾಡಿ, ಮೇಲೆ ಸಿಮೆಂಟ್ ಎಳೆಸಿ. ಬಾಗಿಲ ಕಡೆಗೆ ಸ್ವಲ್ಪ ಇಳಿಜಾರಿದ್ದರೆ ತೊಳೆದ ನೀರು ನಿಲ್ಲುವುದಿಲ್ಲ. ಅದರ ಮೇಲೆ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದು ಮೂರು ನಾಲ್ಕು ಇಂಚು ಹರಡು. ಆಲೆಮನೆಯ ಕಬ್ಬಿನ ಸಿಪ್ಪೆ ಸುಮ್ನೆ ಸಿಗುತ್ತೆ ಅಂತ ಅದನ್ನು ಹಾಕಬೇಡ. ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಧೂಳು ಕೋಳಿಯ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟನ್ನು ಆಗಾಗ ಕೆದಕಿ ತಿರುವು. ಹೆಪ್ಪುಗಟ್ಟಿದ ಜಾಗವನ್ನು ಬಾಚಿ ತೆಗೆದು ಸುಣ್ಣದ ಪುಡಿ ಉದುರಿಸು. ಹಳೇ ಹೊಟ್ಟು ತಿಪ್ಪೆಗೆ ಹೋಗಲಿ, ಒಳ್ಳೇ ಗೊಬ್ಬರ ಆಗುತ್ತದೆ.

ಜಾಲರಿ ವಿಷಯ ತಮ್ಮನಿಗೆ ಒತ್ತಿ ಹೇಳು. ಅಂಗಡಿಯಲ್ಲಿ ಆರು ಮೂಲೆಯ ತೆಳು ತಂತಿಯ ಕೋಳಿ ಜಾಲರಿ ಅಗ್ಗಕ್ಕೆ ಸಿಗುತ್ತದೆ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ನಾಯಿ ಒಳಗೆ ಬರದ ಹಾಗೆ ತಡೆಯುವುದಿಲ್ಲ. ಹಲ್ಲು ಹಾಕಿ ಎಳೆದರೆ ಹರಿದುಹೋಗುತ್ತದೆ. ಅರ್ಧ ಇಂಚು ಕಣ್ಣಿನ, ಗಟ್ಟಿ ವೆಲ್ಡ್ ಜಾಲರಿಯೇ ಬೇಕು. ಕಣ್ಣು ದೊಡ್ಡದಾದರೆ ಇಲಿ, ಹಾವು ನುಸುಳುತ್ತವೆ. ಮುಂಗುಸಿಗೆ ಎರಡು ಇಂಚಿನ ಸಂದಿ ಸಿಕ್ಕರೂ ಸಾಕು. ಸೂರಿಗೂ ಗೋಡೆಗೂ ನಡುವೆ ಉಳಿಯುವ ಸಂದಿಗೂ ಇದೇ ಜಾಲರಿ ಬಡಿಯಿರಿ, ಪುನುಗು ಬೆಕ್ಕು ಮೇಲಿಂದಲೇ ಇಳಿಯುವುದು. ಬಾಗಿಲಿಗೆ ದಾರ ಕಟ್ಟಿದರೆ ಆಗದು, ಚಿಲಕ ಹಾಕಿಸಿ. ಇನ್ನೊಂದು ಮಾತು ಅವ್ವ. ಈಗ ಕಬ್ಬಿನ ಗದ್ದೆಗಳಲ್ಲಿ ಚಿರತೆ ಓಡಾಟ ಜಾಸ್ತಿ. ಬೆಳಕು ಹರಿಯುವ ಮೊದಲು ಬಾಗಿಲು ತೆಗೆಯೋಕೆ ಒಬ್ಬಳೇ ಹಿತ್ತಲಿಗೆ ಹೋಗಬೇಡ. ಹೊರಗೊಂದು ಬಲ್ಬು ಹಾಕಿಸು.

ಸೂರಿಗೆ ತಗಡಿಗಿಂತ ಹೆಂಚು ಮೇಲು. ತಗಡೇ ಹಾಕುವುದಾದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಗರಿ ಹೊದಿಸಿ. ಜಾಲರಿ ಇರುವ ಎರಡೂ ಕಡೆ ಸೂರು ಮೂರಡಿ ಮುಂದೆ ಚಾಚಿರಲಿ, ಇರಚಲು ಒಳಗೆ ಬಾರದು. ಗೋಣಿತಾಟಿನ ಪರದೆ ಮಾಡಿಟ್ಟುಕೋ. ಗಾಳಿಮಳೆಗೆ ಇಳಿಬಿಡು, ಉರಿಬಿಸಿಲಲ್ಲಿ ನೀರು ಚಿಮುಕಿಸು. ಗಾಳಿ ಕಡಿಮೆಯಾಗದ ಹಾಗೆ ನೋಡಿಕೋ.

ಒಳಗೆ ಎರಡೇ ಸಾಮಾನು. ಕೋಳಿ ಕೂರೋಕೆ ಒಂದು ಸರ್ವೆ ಗಳ. ಅದು ಎರಡು ಇಂಚು ದಪ್ಪ, ನೆಲದಿಂದ ಎರಡಡಿ ಮೇಲೆ ಇರಲಿ. ಬಿದಿರು ನುಣುಪು, ಕಾಲು ಜಾರುತ್ತದೆ. ಆರಡಿಯ ಗಳದಲ್ಲಿ ಏಳೂ ಆರಾಮಾಗಿ ಕೂರುತ್ತವೆ. ಮೊಟ್ಟೆಗೆ ಎರಡು ಗೂಡು, ಕತ್ತಲಿರುವ ಮೂಲೆಯಲ್ಲಿ. ಟೊಮೇಟೊ ಕ್ರೇಟನ್ನು ಓರೆ ಮಾಡಿ ಹುಲ್ಲು ಹಾಸಿದರೂ ಸಾಕು. ಆದರೆ ಅದು ಗಳಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಕೋಳಿಗಳು ರಾತ್ರಿ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ, ಬೆಳಿಗ್ಗೆ ಮೊಟ್ಟೆಯೂ ಗಲೀಜು. ಗೋಡೆಯಲ್ಲಿ ಬಿರುಕು ಕಂಡ ತಕ್ಷಣ ಮೆತ್ತಿ ಸುಣ್ಣ ಬಳಿಸು. ಹಗಲು ಬಿರುಕಿನಲ್ಲಿ ಅಡಗಿರುವ ಉಣ್ಣೆಗಳು ರಾತ್ರಿ ಬಂದು ರಕ್ತ ಹೀರುತ್ತವೆ. ಹೊರಗೆ ಹೊಂಗೆ ಬುಡದಲ್ಲಿ ಒಲೆಬೂದಿ, ಒಣಮಣ್ಣು ಬೆರೆಸಿ ಗುಡ್ಡೆ ಹಾಕು, ಅದರಲ್ಲಿ ಹೊರಳಾಡಿ ಮೈ ಶುಚಿ ಮಾಡಿಕೊಳ್ಳಲಿ.

ಯಾವ ಕೋಳಿ ಅಂತ ನೀನೇ ತೀರ್ಮಾನ ಮಾಡು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಬೆಳೆಸಿದ ಗಿರಿರಾಜ ನಾಟಿಗಿಂತ ಜಾಸ್ತಿ ಮೊಟ್ಟೆ ಇಡುತ್ತದೆ, ಆದರೆ ಅದನ್ನು ಕಾವಿಗೆ ನಂಬಿಕೊಳ್ಳುವಂತಿಲ್ಲ. ನಿನಗೆ ಮರಿ ಎಬ್ಬಿಸುವ ಆಸೆ ಇರುವುದರಿಂದ ಎರಡಾದರೂ ನಾಟಿ ಹ್ಯಾಟೆ ಇರಲಿ ಅನ್ನುವುದು ನನ್ನ ಮನಸ್ಸು. ಒಂದು ದಿನದ ಮರಿ ತರಬೇಡಿ, ಅವಕ್ಕೆ ಮೊದಲ ವಾರ 35 ಡಿಗ್ರಿ ಶಾಖ ಕೊಡಬೇಕು. ಎರಡು ತಿಂಗಳು ದಾಟಿದ್ದನ್ನೇ ತನ್ನಿ. ಕೊಕ್ಕರೆ ರೋಗದ (ರಾಣಿಖೇತ್ ಅಂತಾರಲ್ಲ, ಅದರ) ಲಸಿಕೆ ಆಗಿದೆಯಾ ಕೇಳಿ, ಆಗಿಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ಹಾಕಿಸಿ. ತಂದ ಮೇಲೆ ಒಂದು ವಾರ ಹೊರಗೆ ಬಿಡಬೇಡ. ಆಮೇಲೆ ಸಂಜೆ, ಕತ್ತಲಾಗೋಕೆ ಒಂದು ಗಂಟೆ ಮುಂಚೆ ಬಿಡು. ಅಷ್ಟರಲ್ಲಿ ಅದೇ ತಮ್ಮ ಮನೆ ಅಂತ ಗೊತ್ತಾಗಿರುತ್ತದೆ, ತಾವೇ ಒಳಗೆ ಸೇರುತ್ತವೆ.

ಡಿಸೆಂಬರಿನಲ್ಲಿ ಇಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಬೆಳಕು ಸಾಲದೆ ಅಜ್ಜಿಯ ಕೋಳಿಗಳು ಮೊಟ್ಟೆ ನಿಲ್ಲಿಸಿಬಿಟ್ಟಿವೆ. ನಮ್ಮೂರಲ್ಲಿ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಆ ತೊಂದರೆ ನಿನಗಿಲ್ಲ.

ಜಾಲರಿಯ ದುಡ್ಡು ತಮ್ಮನ ಖಾತೆಗೆ ಹಾಕಿದ್ದೇನೆ, ಬೇರೆ ಖರ್ಚಿಗೆ ಬಳಸಬೇಡಿ. ಪಾಯ ತೆಗೆಯುವ ಮೊದಲು ಹಿತ್ತಲಲ್ಲಿ ಗೂಟ ಹೊಡೆದು ದಾರ ಕಟ್ಟಿ, ಮಧ್ಯಾಹ್ನ ಎರಡು ಗಂಟೆಯ ಫೋಟೋ ಕಳಿಸಿ. ನೆರಳು ಎಲ್ಲಿವರೆಗೆ ಬರುತ್ತದೆ ನೋಡಿ ಜಾಗ ಗಟ್ಟಿ ಮಾಡೋಣ.

ಅಪ್ಪನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಗಳು