ಔಷಧ ಸರಿ, ಸತುವಿನ ಪರೀಕ್ಷೆ ಎಲ್ಲಿ?

ಮಾನ್ಯರೇ,

ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಯೊಂದರ ಶಾಲೆಯಲ್ಲಿ ನಾನು ಶಿಕ್ಷಕಿ. ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯಿರುವ ನಮ್ಮ ಹುಡುಗನೊಬ್ಬ ಹೈಡ್ರಾಕ್ಸಿಯೂರಿಯಾ ಎಂಬ ಔಷಧ ಶುರು ಮಾಡಿದ ಮೇಲೆ ಕೈಕಾಲು ನೋವೆಂದು ಮಲಗುವುದು ಕಡಿಮೆಯಾಗಿದೆ. ಆದರೆ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದ ಅವನ ಎತ್ತರ ವರ್ಷಕ್ಕೆ ಒಂದು ಬೆರಳಗಲ ಮಾತ್ರ ಏರಿದೆ. ಮೊಣಕಾಲಿನ ತರಚು ಗಾಯ ತಿಂಗಳಾದರೂ ಮಾಗಿಲ್ಲ.

ಈ ಕಾಯಿಲೆಯಲ್ಲಿ ಸತು, ಅಂದರೆ ಜಿಂಕ್, ಮೂತ್ರದಲ್ಲಿ ಹೆಚ್ಚು ಹೊರಹೋಗುತ್ತದೆ. ಬೆಳೆಯಲು, ಗಾಯ ಮಾಯಲು, ಸೋಂಕು ತಡೆಯಲು ಅದು ಬೇಕೇ ಬೇಕು. ಹೈಡ್ರಾಕ್ಸಿಯೂರಿಯಾ ಅದನ್ನು ತುಂಬಿಕೊಡುವ ಔಷಧವಲ್ಲ. ಅವನ ಚೀಟಿಯಲ್ಲಿ ಪ್ರತಿ ಸಲ ರಕ್ತಕಣಗಳ ಎಣಿಕೆ ಇರುತ್ತದೆ, ಸತುವಿನ ಸಾಲೇ ಇಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ, "ಅದು ಇಲ್ಲಿ ಮಾಡಲ್ಲ ಮೇಡಂ" ಎಂದರು.

ಕಬ್ಬಿಣದ್ದು ಇದಕ್ಕೆ ತದ್ವಿರುದ್ಧ. ಪದೇ ಪದೇ ರಕ್ತ ಹಾಕಿಸಿಕೊಂಡ ಮಕ್ಕಳ ಯಕೃತ್ತಿನಲ್ಲಿ ಅದು ಶೇಖರವಾಗುತ್ತದೆ. ವಾರಕ್ಕೊಮ್ಮೆ ಎಲ್ಲರಿಗೂ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಇವನ ಕೈಗೂ ಇಡಲೋ ಬೇಡವೋ? ಯಾರೂ ಬರೆದು ಕೊಟ್ಟಿಲ್ಲ. ಪ್ರತಿ ವಾರ ನನ್ನ ಕೈ ತಡೆಯುತ್ತದೆ.

2023ರಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ರೋಗ ಪತ್ತೆಗೆ ಒತ್ತು ಕೊಟ್ಟಿದ್ದಾರೆ, ಸಂತೋಷ. ಔಷಧ ನುಂಗುವ ಮಕ್ಕಳ ಸತು ಮತ್ತು ದೇಹದಲ್ಲಿ ಶೇಖರವಾದ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಜಿಲ್ಲಾ ಮಟ್ಟದಲ್ಲಿ ಉಚಿತವಾಗಿ ಮಾಡಿಸಿ, ಯಾವ ಮಾತ್ರೆ ಬೇಕು, ಯಾವುದು ಬೇಡ ಎಂದು ವೈದ್ಯರು ಚೀಟಿಯಲ್ಲೇ ಬರೆದುಕೊಡಲಿ.

– ಒಬ್ಬ ಶಿಕ್ಷಕಿ, ಎಚ್.ಡಿ. ಕೋಟೆ ತಾಲ್ಲೂಕು