ಸಹನಾಗೆ, ಶಿವಮೊಗ್ಗಕ್ಕೆ ಬರೋ ಮುಂಚೆ

ಚಿ. ಸೌ. ಸಹನಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಲ್ಲಿ ನೀನು "ದೊಡ್ಡಮ್ಮ, ಬೆಂಗಳೂರು ಸಾಕಾಯ್ತು, ಶಿವಮೊಗ್ಗಕ್ಕೇ ಬಂದ್ಬಿಡೋಣ ಅಂತಿದೀವಿ" ಅಂದಾಗ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಹಿಂದೆ ಮುಂದೆ ನೋಡ್ದೆ ಬನ್ನಿ ಬನ್ನಿ ಅಂದ್ಬಿಟ್ಟೆ. ಆಮೇಲೆ ನಿದ್ದೆ ಬರ್ಲಿಲ್ಲ ಕಣೇ. ಅದು ಖುಷೀಲಿ ಬಂದ ಮಾತು, ಯೋಚನೆ ಮಾಡಿ ಹೇಳಿದ್ದಲ್ಲ. ಅದಕ್ಕೆ ಇವತ್ತು ತಿಂಡಿ ಆದ್ಮೇಲೆ ಜಗಲೀಲಿ ಕೂತು ಮೊಬೈಲಲ್ಲೇ ಟೈಪ್ ಮಾಡ್ತಿದೀನಿ, ಉದ್ದ ಆಗುತ್ತೆ, ಮಗು ಮಲಗಿದ್ಮೇಲೆ ನಿಧಾನಕ್ಕೆ ಓದು, ಅಳಿಯಂದ್ರಿಗೂ ಓದ್ಸು.

ಮೊದಲು ಒಳ್ಳೇದೇ ಹೇಳ್ತೀನಿ, ಯಾಕಂದ್ರೆ ಅದು ಸುಳ್ಳಲ್ಲ. ನಿನ್ನ ಮಗ ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿ ಸಂಜೆ ಬರೋ ಹೊತ್ತಿಗೆ ಬಾಡಿ ಹೋಗಿರ್ತಾನೆ ಅಂತೀಯಲ್ಲ, ಇಲ್ಲಿ ವಿನೋಬನಗರದಿಂದ ದುರ್ಗಿಗುಡಿಗೆ ಸ್ಕೂಟರಲ್ಲಿ ಹತ್ತು ನಿಮಿಷ. ಮಕ್ಕಳು ಮಧ್ಯಾಹ್ನ ಮನೆಗೆ ಬಂದು ಬಿಸಿ ಅನ್ನ ಉಂಡು ಹೋಗೋದು ಈ ಬೀದೀಲಿ ಈಗ್ಲೂ ಇದೆ. ನಮ್ಮ ಪಕ್ಕದ ಎರಡು ಬೆಡ್‌ರೂಮಿನ ಮನೆಗೆ ಬಾಡಿಗೆ 13 ಸಾವಿರ, ಮುಂದೆ ಪಾರಿಜಾತದ ಗಿಡ, ಹಿಂದೆ ಬಟ್ಟೆ ಒಗಿಯೋ ಕಲ್ಲು, ಅಷ್ಟು ದುಡ್ಡಿಗೆ ವೈಟ್‌ಫೀಲ್ಡಲ್ಲಿ ಏನ್ ಸಿಗುತ್ತೆ ಅಂತ ನಿಂಗೇ ಗೊತ್ತು. ಮಗೂಗೆ ಸಂಗೀತ ಕಲಿಸ್ಬೇಕು ಅಂದ್ರೆ ಹೊಸಹಳ್ಳಿ ಮತ್ತೂರು ಇಲ್ಲೇ ಪಕ್ಕದಲ್ಲಿದೆ, ಕಾವ್ಯನ ರಾಗವಾಗಿ ಓದೋ ಗಮಕ ಅನ್ನೋದು ಆ ಊರಿನ ಮನೆಮನೇಲೂ ಇದೆ, ನಾಟಕ ಅಂದ್ರೆ ಕುವೆಂಪು ರಂಗಮಂದಿರ, ಇನ್ನೂ ಆಸೆ ಇದ್ರೆ ಸಾಗರದ ಹತ್ರ ಹೆಗ್ಗೋಡು. ಇವೆಲ್ಲ ಇದೆ, ಇಲ್ಲ ಅಂತ ಯಾರೂ ಹೇಳಕ್ಕಾಗಲ್ಲ.

ಆದ್ರೆ ನೀನು ಕಂಡಿರೋದು ರಜದ ಶಿವಮೊಗ್ಗ ಪುಟ್ಟಿ. ದಸರಾಕ್ಕೋ ಕ್ರಿಸ್ಮಸ್‌ಗೋ ಬರ್ತೀಯ, ನಾನು ಅಕ್ಕಿ ರೊಟ್ಟಿ ಮಾಡ್ತೀನಿ, ಸಕ್ರೆಬೈಲಿಗೆ ಹೋಗಿ ಆನೆ ನೋಡ್ತೀರ, ಸಂಜೆ ತಂಪು ಗಾಳಿ. ಶಿವಮೊಗ್ಗ ಅಂದ್ರೆ ತೀರ್ಥಹಳ್ಳಿ ಆಗುಂಬೆ ಅಲ್ಲ, ಇದು ಮಲೆನಾಡಿನ ಹೆಬ್ಬಾಗಿಲು, ಬಾಗಿಲಲ್ಲಿ ನಿಂತ್ರೆ ಒಳಗಿನ ತಂಪು ಸಿಗಲ್ಲ. ಏಪ್ರಿಲಲ್ಲಿ 37-38 ಡಿಗ್ರಿ ಹೋಗುತ್ತೆ, ರಾತ್ರಿ ತಾರಸಿ ಕಾದು ಒಳಗೆ ಮಲಗಕ್ಕಾಗಲ್ಲ. ಮಳೆ ಹಿಡಿದ್ರೆ ಅದು ಬೇರೆ ಕಥೆ. ಹೋದ ವರ್ಷ ಜುಲೈಲಿ ಒಂದು ವಾರ ನಮ್ಮ ನಲ್ಲೀಲಿ ಬಂದ ನೀರು ನೋಡ್ಬೇಕಿತ್ತು ನೀನು, ಸ್ಟೀಲ್ ಕೊಡದಲ್ಲಿ ಹಿಡಿದಿಟ್ಟು ಸಂಜೆ ನೋಡಿದ್ರೆ ತಳದಲ್ಲಿ ಬೆರಳು ಗಾತ್ರ ಕೆಂಪು ಮಣ್ಣು ಕೂತಿತ್ತು, ಬಟ್ಟೆ ಕಟ್ಟಿ ಸೋಸಿ ಕಾಯ್ಸಿ ಕುಡಿದ್ವಿ. ಗಂಗಾ ಸ್ನಾನ ತುಂಗಾ ಪಾನ ಅಂತ ಹಿರಿಯರು ಹೇಳ್ತಿದ್ದ ಹೊಳೆ ಇದು, ಅದೇ ಹೊಳೆಗೆ ಈಗ ಊರಿನ ಚರಂಡಿ ನೀರೂ ಸೇರುತ್ತೆ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಹೊಳೆ ಏರಿದಾಗ ಜನ ಸೇತುವೆ ಮೇಲೆ ನಿಂತು ಹೊಳೆ ಒಳಗಿರೋ ಕೋರ್ಪಲಯ್ಯನ ಮಂಟಪ ಮುಳುಗ್ತಾ ಅಂತ ನೋಡ್ತಾರೆ, ಅದು ಮುಳುಗಿದ್ರೆ ತಗ್ಗಿನ ಬಡಾವಣೆಯವರು ಸಾಮಾನು ಎತ್ತಿಡಕ್ಕೆ ಶುರು ಮಾಡ್ತಾರೆ. 2019ರ ಆಗಸ್ಟಲ್ಲಿ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಮನೆ ನೋಡುವಾಗ ಬ್ರೋಕರ್ ಹತ್ರ ಕೇಳ್ಬೇಡ, ಪಕ್ಕದ ಮನೆ ಅಜ್ಜಿ ಹತ್ರ ಕೇಳು, 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ.

ಆಸ್ಪತ್ರೆ ವಿಷಯ. ನಿಮ್ಮ ದೊಡ್ಡಪ್ಪಂಗೆ 2009ರಲ್ಲಿ ಎದೆ ನೋವು ಬಂದಾಗ ಇಲ್ಲಿ ನೋಡಿದ ಡಾಕ್ಟ್ರು ಮಣಿಪಾಲಕ್ಕೆ ಕರ್ಕೊಂಡು ಹೋಗಿ ಅಂದ್ರು. 150 ಕಿಲೋಮೀಟರ್ ಹತ್ರ ದಾರಿ, ರಾತ್ರಿ ಹನ್ನೊಂದು ಗಂಟೆ, ಆಗುಂಬೆ ಘಾಟಿ 14 ತಿರುವು, ಮಂಜು. ಪ್ರತಿ ತಿರುವಲ್ಲೂ ಆಂಬುಲೆನ್ಸ್ ಒಳಗೆ ಅವರು ನನ್ನ ಕೈ ಹಿಡ್ಕೊಂಡಿದ್ದ ಬಿಗಿ ನಂಗಿನ್ನೂ ನೆನಪಿದೆ, ಬಿಗಿ ಸಡಿಲ ಆದ್ರೆ ಏನು ಗತಿ ಅಂತ ನಾನು ಆ ಕೈಯನ್ನೇ ನೋಡ್ತಾ ಕೂತಿದ್ದೆ. ಈಗ ಹಾಗಿಲ್ಲ, ಮೆಡಿಕಲ್ ಕಾಲೇಜಿನ ಮೆಗ್ಗಾನ್ ಆಸ್ಪತ್ರೆ ಜೊತೆಗೆ ಹೃದಯಕ್ಕೆ ಸ್ಟೆಂಟ್ ಹಾಕೋ ಖಾಸಗಿ ಆಸ್ಪತ್ರೆನೂ ಊರಲ್ಲೇ ಇದೆ. ಆದ್ರೂ ಅಪರೂಪದ ಕಾಯಿಲೆ ಅಂದ್ರೆ ಮಣಿಪಾಲ ಇಲ್ಲ ಬೆಂಗಳೂರು. ನಿನ್ನ ಮಗನ ವೀಸಿಂಗ್‌ಗೆ, ಅದೇ ಉಬ್ಬಸಕ್ಕೆ, ಈಗ ನೋಡ್ತಿರೋ ಡಾಕ್ಟ್ರ ಹತ್ರನೇ ಮೊದ್ಲು ಮಾತಾಡು, ಇಲ್ಲಿ ಅಡಿಕೆ ಸುಗ್ಗಿ ಟೈಮಲ್ಲಿ, ಮಳೆಗಾಲದ ಶೀತದಲ್ಲಿ ಹೇಗಿರುತ್ತೆ ಅಂತ.

ಈಗ ನಿಜವಾಗ್ಲೂ ಹೇಳ್ಬೇಕಾದ್ದು ಹೇಳ್ತೀನಿ. ಅಳಿಯಂದ್ರು ಲೆಕ್ಕ ಎಲ್ಲ ಮಾಡಿದಾರೆ ಅಂದೆ, ಇಎಂಐ ಎಷ್ಟು ಉಳಿಯುತ್ತೆ, ಸ್ಕೂಲ್ ಫೀಸ್ ಎಷ್ಟು ಕಡಿಮೆ, ಪೆಟ್ರೋಲ್ ಎಷ್ಟು ಅಂತ. ಆ ಲೆಕ್ಕದಲ್ಲಿ ನಿನ್ನ ಕೆಲಸ ಎಲ್ಲಿ ಬರೆದಿದಾರೆ? ಅವರಿಗೆ ಮನೆಯಿಂದ ಕೆಲಸ ಮಾಡಕ್ಕೆ ಕಂಪನಿ ಒಪ್ಪಿದೆ, ನಿಂಗೆ "ನೋಡೋಣ ಅಂದಿದಾರೆ" ಅಂದೆ. ಆ "ನೋಡೋಣ" ಕೇಳಿನೇ ನಂಗೆ ನಿದ್ದೆ ಹೋಗಿದ್ದು.

1997ರಲ್ಲಿ ದೊಡ್ಡಪ್ಪಂಗೆ ಇಲ್ಲಿಗೆ ಟ್ರಾನ್ಸ್‌ಫರ್ ಆದಾಗ ನಾನು ರಾಜಾಜಿನಗರದ ಒಂದು ಸ್ಕೂಲಲ್ಲಿ ಗಣಿತ ಟೀಚರ್ ಆಗಿದ್ದೆ, ಹೈಸ್ಕೂಲ್ ಮಕ್ಕಳಿಗೆ, ಒಳ್ಳೆ ಹೆಸರಿತ್ತು. ಅಲ್ಲೂ ಸ್ಕೂಲಿದೆ ಬಿಡು, ನಿಂಗೆ ಕೆಲಸಕ್ಕೇನು ಕಮ್ಮಿ ಅಂತ ಎಲ್ಲರೂ ಅಂದ್ರು, ನಾನೂ ಹಾಗೇ ಅಂದ್ಕೊಂಡೆ. ಮೂರು ವರ್ಷ ಯಾರೂ ಕರೀಲಿಲ್ಲ. ಆಮೇಲೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ, ಅದೂ ಮೂರನೇ ಕ್ಲಾಸಿಗೆ. ಆ ಮೂರು ವರ್ಷದಲ್ಲಿ ಒಂದು ದಿನ ಇಲ್ಲಿನ ಗಾಂಧಿ ಬಜಾರಲ್ಲಿ ನಿಂಗೆ ಅಂತ ಒಂದು ಹಳದಿ ಫ್ರಾಕ್ ನೋಡಿದ್ದೆ, ನಿನ್ನ ಏಳನೇ ಹುಟ್ಟುಹಬ್ಬಕ್ಕೆ, ಕಾಲರ್ ಮೇಲೆ ಬಿಳಿ ಲೇಸ್ ಇತ್ತು, 180 ರೂಪಾಯಿ. ಪರ್ಸಲ್ಲಿ ತರಕಾರಿ ದುಡ್ಡು ಮಾತ್ರ ಇತ್ತು. ಮನೆಗೆ ಬಂದು ದೊಡ್ಡಪ್ಪನ್ನ ಕೇಳಿದೆ, ಅವರು ಒಂದೇ ಮಾತಿಗೆ ಕೊಟ್ರು, ಇಲ್ಲ ಅನ್ನೋ ಮನುಷ್ಯ ಅಲ್ಲ ಅವರು. ಮಾರನೇ ದಿನ ಹೋದ್ರೆ ಫ್ರಾಕ್ ಮಾರಿಹೋಗಿತ್ತು. ಅಂಗಡಿ ಮುಂದೆ ನಿಂತು ನಂಗೆ ಬೇಜಾರಾಗಿದ್ದು ಫ್ರಾಕ್ ಹೋಯ್ತು ಅಂತಲ್ಲ, ಹದಿಮೂರು ವರ್ಷ ದುಡಿದ ಕೈ ಇದು, ಕೇಳೋ ಹಾಗಾಯ್ತಲ್ಲ ಅಂತ. ಇದನ್ನ ನಿಮ್ಮಮ್ಮಂಗೂ ಹೇಳಿಲ್ಲ ನಾನು ಇಲ್ಲಿವರೆಗೆ.

ಅದಕ್ಕೆ ಹೇಳ್ತೀನಿ, ನಿನ್ನ ಕಂಪನಿಯಿಂದ ಈಮೇಲಲ್ಲಿ ಬರ್ಲಿ, ಬಾಯಿಮಾತು ಬೇಡ, ಎಷ್ಟು ದಿನ ಮನೆಯಿಂದ, ತಿಂಗಳಿಗೆ ಎಷ್ಟು ಸಲ ಆಫೀಸಿಗೆ ಬರ್ಬೇಕು ಅಂತ. ತಿಂಗಳಿಗೆ ಎರಡು ಸಲ ಅಂದ್ರೆ ಸರಿ, ರಾತ್ರಿ ತಾಳಗುಪ್ಪ ಕಡೆಯಿಂದ ಬರೋ ರೈಲು ಹತ್ತಿದ್ರೆ ಬೆಳಗಿನ ಜಾವ ಬೆಂಗಳೂರು. ವಾರಕ್ಕೆ ಮೂರು ದಿನ ಅಂದ್ರೆ ಆಗಲ್ಲಮ್ಮ. ಐದೂಕಾಲಿಗೆ ಜನಶತಾಬ್ದಿ ಹತ್ತಿದ್ರೂ ಮೆಜೆಸ್ಟಿಕ್ ಮುಟ್ಟೋದು ಹತ್ತರ ಸುಮಾರಿಗೆ, ಅಲ್ಲಿಂದ ನೇರಳೆ ಮೆಟ್ರೋದಲ್ಲಿ ವೈಟ್‌ಫೀಲ್ಡ್ ಇನ್ನೊಂದು ಗಂಟೆ, ಸಂಜೆ ಅದೇ ರೈಲು ಐದು ದಾಟ್ತಿದ್ದಂಗೆ ವಾಪಸ್ ಹೊರಡುತ್ತೆ, ನೀನು ಕುರ್ಚೀಲಿ ಕೂರೋದು ಯಾವಾಗ? ವಿಮಾನ ನಿಲ್ದಾಣ ಆಗಿದೆಯಲ್ಲ ಅಂತಾರೆ ಅಳಿಯಂದ್ರು. ಆಗಿದೆ, 2023ರ ಫೆಬ್ರವರಿಲಿ ಸೋಗಾನೆಲಿ ಉದ್ಘಾಟನೆ ಆಯ್ತು, ಆಗಸ್ಟ್ ಕೊನೇಲಿ ವಿಮಾನನೂ ಶುರುವಾಯ್ತು, ನಾವೆಲ್ಲ ಹೆಮ್ಮೆ ಪಟ್ವಿ. ಆದ್ರೆ ಮೋಡ ಮಂಜು ಕವಿದ ದಿನ ಅದನ್ನ ನಂಬ್ಕೊಂಡು ಮೀಟಿಂಗ್ ಒಪ್ಕೋಬೇಡ.

ಒಂದು ವೇಳೆ ಇಬ್ಬರದ್ದೂ ಕೆಲಸ ಹೋದ್ರೆ ಇಲ್ಲಿ ಅಂಥದ್ದೇ ಇನ್ನೊಂದು ಸಿಗುತ್ತಾ ಅಂದ್ರೆ ಕಷ್ಟ. ಮಾಚೇನಹಳ್ಳಿಲಿ ಐಟಿ ಪಾರ್ಕ್ ಅಂತ ಇದೆ, ಆದ್ರೆ ಬೆಂಗಳೂರಲ್ಲಿ ಒಂದು ಬಿಟ್ರೆ ಇನ್ನೊಂದು ಅನ್ನೋ ಹಾಗೆ ಇಲ್ಲ. ಪಕ್ಕದ ಭದ್ರಾವತೀಲಿ ಕಾಗದದ ಕಾರ್ಖಾನೆ ನಿಂತಾಗ ಆ ಊರು ಹೇಗಾಯ್ತು ಅಂತ ಕಣ್ಣಾರೆ ನೋಡಿದೀವಿ.

ಇನ್ನೊಂದು ನಿನ್ನ ಗಮನಕ್ಕೆ ಬಂದಿರಲ್ಲ. ನಿಮ್ಮತ್ತೆ ಮಾವನ ಊರು ಹೊಸನಗರ, ಇಲ್ಲಿಂದ ಎರಡು ಗಂಟೆ ದಾರಿ. ಈಗ ಬೆಂಗಳೂರಲ್ಲಿದೀರ ಅಂತ ಯಾರೂ ಏನೂ ಅನ್ನಲ್ಲ, ಇಲ್ಲಿಗೆ ಬಂದ ತಿಂಗಳಿಂದ ಪ್ರತಿ ಮುಂಜಿ, ಗೃಹಪ್ರವೇಶ, ಸತ್ಯನಾರಾಯಣ ಕಥೆ, ತಿಥಿ, ಎಲ್ಲದಕ್ಕೂ ನೀನಿರ್ಬೇಕು. ಬರ್ದಿದ್ರೆ "ಮನೇಲೇ ಇರ್ತಾಳಲ್ಲ, ಬರಕ್ಕೇನು" ಅಂತಾರೆ. ಲ್ಯಾಪ್‌ಟಾಪ್ ಮುಂದೆ ಕೂತಿರೋದು ನಮ್ಮ ಕಡೆ ಇನ್ನೂ ಕೆಲಸ ಅಂತ ಲೆಕ್ಕಕ್ಕೆ ಬಂದಿಲ್ಲ, ಅದೂ ಹೆಣ್ಮಕ್ಕಳು ಕೂತ್ರೆ. ಒಳ್ಳೆ ಜನ ಅವರು, ಕಷ್ಟಕ್ಕೆ ರಾತ್ರೋರಾತ್ರಿ ಓಡಿ ಬರೋರು, ಆ ಬಲ ಬೆಂಗಳೂರಲ್ಲಿ ನಿಂಗಿಲ್ಲ, ಅದೂ ನಿಜ. ಆದ್ರೆ ನಿಂಗೊಂದು ಬಾಗಿಲು ಹಾಕ್ಕೊಳ್ಳೋ ರೂಮ್ ಬೇಕು, ಆ ಬಾಗಿಲು ಹಾಕಿದ್ರೆ ಆಫೀಸು ಅಂತ ಮೊದಲನೇ ದಿನವೇ ಅಳಿಯಂದ್ರು ಎಲ್ಲರಿಗೂ ಹೇಳ್ಬೇಕು. ನೀನು ಹೇಳಿದ್ರೆ ಸೊಕ್ಕು ಅಂತಾರೆ, ಅವರೇ ಹೇಳ್ಲಿ.

ಊರಿನ ಕೋಮು ಗಲಾಟೆ ಬಗ್ಗೆ ನಿಮ್ಮಮ್ಮ ಹೆದರ್ಕೊಂಡಿದಾಳೆ. 2022ರ ಫೆಬ್ರವರಿಲಿ ಕರ್ಫ್ಯೂ ಹಾಕಿದ್ರು, ಸ್ಕೂಲ್ ಮುಚ್ಚಿತ್ತು, ನಾವೂ ಒಳಗೇ ಕೂತಿದ್ವಿ, ಅದನ್ನ ಮುಚ್ಚಿಡಲ್ಲ. ಉಳಿದ ದಿನ ಊರು ತನ್ನ ಪಾಡಿಗೆ ಇರುತ್ತೆ.

ಸೈಟ್ ತಗೊಳ್ಳೋ ಮಾತು ಈಗ ಎತ್ತಲೇಬೇಡಿ. ವಿಮಾನ ನಿಲ್ದಾಣ ಬಂದ್ಮೇಲೆ ಬೋರ್ಡ್ ಹಾಕಿರೋ ಲೇಔಟ್‌ಗಳಿಗೆ ಲೆಕ್ಕ ಇಲ್ಲ. ನಗರಾಭಿವೃದ್ಧಿ ಪ್ರಾಧಿಕಾರದ (ಸೂಡಾ) ಅಪ್ರೂವಲ್ ಇದ್ಯಾ, ಹೊಲದ ಜಾಗ ಮನೆ ಕಟ್ಟೋ ಜಾಗ ಅಂತ ಅಲಿನೇಷನ್ ಆಗಿದ್ಯಾ, ಇ-ಖಾತಾ ಇದ್ಯಾ ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ, ನಮ್ಮ ಬೀದಿಯೋರೊಬ್ರು ಅಲಿನೇಷನ್ ಆಗ್ದಿರೋ ರೆವಿನ್ಯೂ ಸೈಟ್ ತಗೊಂಡು ಮನೆ ಕಟ್ಟಕ್ಕೆ ಸಾಲ ಸಿಗ್ದೆ ಆರು ವರ್ಷದಿಂದ ಬೇಲಿ ಕಾಯ್ತಿದಾರೆ.

ನಾನು ಹೇಳೋದಿಷ್ಟು. ಬೆಂಗಳೂರಿನ ಫ್ಲಾಟ್ ಮಾರ್ಬೇಡಿ, ಬಾಡಿಗೆಗೆ ಕೊಡಿ. ಇಲ್ಲಿ ಒಂದು ವರ್ಷ ಬಾಡಿಗೆ ಮನೇಲಿರಿ, ಏಪ್ರಿಲಲ್ಲೇ ಬನ್ನಿ, ಸೆಕೆನೂ ನೋಡಿ, ಆಮೇಲೆ ಸ್ಕೂಲ್ ಶುರುವಾಗೋ ಹೊತ್ತಿಗೆ ಮಳೆನೂ ನೋಡಿ. ನಿನ್ನ ಕಂಪನಿ ಈಮೇಲ್ ಬರೋ ತನಕ ಮಗನ ಟಿಸಿ ತಗೋಬೇಡ. ಅಳಿಯಂದ್ರಿಗೆ ಬೇಜಾರಾದ್ರೂ ಪರವಾಗಿಲ್ಲ, ನಾನು ಹೇಳ್ದೆ ಅಂತ ಹೇಳು.

ಆ 13 ಸಾವಿರದ ಮನೆ ಈ ತಿಂಗಳು ಖಾಲಿ ಆಗ್ತಿದೆ. ಬೀಗದ ಕೈ ಓನರ್ ನಮ್ಮನೇಲೇ ಕೊಟ್ಟು ಹೋಗಿದಾರೆ. ಅದರ ಹಿಂದಿನ ರೂಮಿಗೆ ಕಿಟಕಿ ಇದೆ, ಗಟ್ಟಿ ಬಾಗಿಲೂ ಇದೆ, ಚಿಲಕ ಮಾತ್ರ ಸಡಿಲ. ಸಂಜೆ ಹೋಗಿ ಅಲ್ಲಿ ಮೊಬೈಲ್ ಸಿಗ್ನಲ್ ಎಷ್ಟು ಕಡ್ಡಿ ಬರುತ್ತೆ ನೋಡಿ ಫೋಟೋ ಕಳಿಸ್ತೀನಿ, ಚಿಲಕಕ್ಕೆ ಬಡಗಿಗೂ ಹೇಳಿದೀನಿ.

ಇಂತಿ ನಿನ್ನ
ದೊಡ್ಡಮ್ಮ